ಊರವರೇ ಕಟ್ಟಿದ ಶಾಲೆ

ಶಾಲಾ ಕಟ್ಟಡವೆಂದರೆ ಕಾಂಕ್ರೀಟು ಮತ್ತು ದಾನಿಗಳ ನಾಮಫಲಕ ಎಂದು ಭಾವಿಸುವವರಿದ್ದಾರೆ. ಅವರ ಗಮನವನ್ನು ನಾವು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಗ್ರಾಮದತ್ತ ಸೆಳೆಯಬಯಸುತ್ತೇವೆ. ಆ ಊರಿನವರೇ ಆದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರ ವಿನ್ಯಾಸದಂತೆ 2001ರಲ್ಲಿ ಅಲ್ಲಿ ಮೂರು ಕೋಣೆಗಳ ಪ್ರಾಥಮಿಕ ಶಾಲೆ ಎದ್ದಿತು. ಗೋಡೆಗೆ ಸಿಮೆಂಟು ಬೆರೆಸಿದ ಊರ ಮಣ್ಣಿನ ಇಟ್ಟಿಗೆ. ತಗಡಿನ ಮಾಡನ್ನು ಒಳಮಾಳಿಗೆಯಿಂದ ಎತ್ತರಿಸಿದ್ದರಿಂದ ನಡುವೆ ಗಾಳಿಯಾಡಿ ಕೋಣೆ ತಂಪಾಗಿರುತ್ತದೆ. 2004ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಸಂದಿತು.

ಮಕ್ಕಳ ಸಂಖ್ಯೆ ಹೆಚ್ಚಿದಾಗ, 2008ರಲ್ಲಿ ಶಾಲೆಯನ್ನು ವಿಸ್ತರಿಸಲಾಯಿತು. ಹೊಸ ಕೋಣೆಗಳ ಕಮಾನು ಮಾಳಿಗೆಯಲ್ಲಿ ಕಿಂಡಿಗಳನ್ನಿಟ್ಟು ಬಿಸಿಗಾಳಿಗೆ ದಾರಿ ಮಾಡಲಾಯಿತು. ದುಡಿದವರು ಊರವರೇ ಆದ್ದರಿಂದ ಕಟ್ಟುವ ವಿದ್ಯೆಯೂ ಊರಲ್ಲೇ ಉಳಿಯಿತು.

ಹಳ್ಳಿಯ ಶಾಲೆಗೆ ಕೋಣೆ ಸೇರಿಸಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸುಡುವ ಮಧ್ಯಾಹ್ನದಲ್ಲಿ ಮಗು ಅಲ್ಲಿ ಕುಳಿತು ಓದಬಲ್ಲುದೇ?