ಎರಡು ಮಿಲಿಮೀಟರ್ ನಾಳದ ಬೆನ್ನು ಹತ್ತಿ

ಬೆಂಗಳೂರಿನ ಬೇಗೂರಿನವರಿಗೆ ಹೃದಯದ ಆಸ್ಪತ್ರೆ ದೂರದ ಮಾತಲ್ಲ. ಬನ್ನೇರುಘಟ್ಟ ರಸ್ತೆ ಹಿಡಿದು ಊರ ಕಡೆ ಹೋದರೆ ಜಯದೇವ ಆಸ್ಪತ್ರೆ. ಹೊಸೂರು ರಸ್ತೆಗೆ ಬಂದು ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದ ನಾರಾಯಣ ಹೃದಯಾಲಯ. ಅಲ್ಲಿಗೆ ಬರುವವರೆಲ್ಲ ದೊಡ್ಡವರಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲೇ ಏನಾದರೊಂದು ಊನ ಇರುತ್ತದೆ. ಎದೆ ಸೀಳದೆ ಆ ಊನವನ್ನು ಕಾಣುವುದನ್ನು ವೈದ್ಯರು ಹೇಗೆ ಕಲಿತರು ಎನ್ನುವುದು ಇವತ್ತಿನ ವಿಷಯ.

ಮೊದಲು ಕಂಡದ್ದು ಶವಪರೀಕ್ಷೆಯ ಮೇಜಿನ ಮೇಲೆ. ಫ್ರಾನ್ಸಿನ ಮಾರ್ಸೇಯ ವೈದ್ಯ ಫಾಲೋ 1888ರಲ್ಲಿ, ಮೈ ನೀಲಿಗಟ್ಟುವ ಒಂದು ಕಾಯಿಲೆಯ ಹಿಂದಿರುವ ನಾಲ್ಕು ದೋಷಗಳನ್ನು ಒಟ್ಟಾಗಿ ವಿವರಿಸಿದ. ಗೊತ್ತಾಗಿ ಪ್ರಯೋಜನವೇನು, ಚಿಕಿತ್ಸೆಯೇ ಇರಲಿಲ್ಲ. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ. ಆದರೆ ಅದರಲ್ಲಿ ಹೃದಯದ ಹೊರಗಿನ ನೆರಳಷ್ಟೇ ಕಾಣುತ್ತಿತ್ತು.

ಒಳಗೆ ಹೋದವನು ಜರ್ಮನಿಯ ಫಾರ್ಸ್‌ಮನ್. 1929ರಲ್ಲಿ ತನ್ನದೇ ತೋಳಿನ ರಕ್ತನಾಳಕ್ಕೆ ತೆಳುವಾದ ರಬ್ಬರ್ ನಳಿಕೆ ತೂರಿಸಿ, ಸುಮಾರು 65 ಸೆಂಟಿಮೀಟರ್ ಒಳಗೆ ನೂಕಿ, ನಳಿಕೆ ಹಾಗೇ ಇರುವಾಗ ಎಕ್ಸ್-ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. ನಳಿಕೆಯ ತುದಿ ಹೃದಯದಲ್ಲಿತ್ತು! ಸಿಕ್ಕಿದ್ದು ಬೈಗುಳ, ನೊಬೆಲ್ ಬಹುಮಾನ ಬಂದದ್ದು 1956ರಲ್ಲಿ. ಅಷ್ಟರೊಳಗೆ ಕ್ಯೂಬಾದ ಹವಾನಾದಲ್ಲಿ ಕಾಸ್ಟೆಲ್ಲಾನೋಸ್, ಮಕ್ಕಳ ರಕ್ತನಾಳಕ್ಕೆ ಎಕ್ಸ್-ರೇಯಲ್ಲಿ ಕಾಣುವ ಔಷಧಿ ಕೊಟ್ಟು ಹೃದಯದ ಒಳಗಣ ಚಿತ್ರ ತೆಗೆದಿದ್ದ.

ಅಮೆರಿಕದ ಹೆಲೆನ್ ಟಾಸಿಗ್ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಕ್ಕಳ ಎದೆಯ ಮೇಲೆ ಕೈಯಿಟ್ಟು ಬಡಿತ ಅರಿಯುತ್ತ, ಮಗುವನ್ನು ಎಕ್ಸ್-ರೇ ಪರದೆಯ ಮುಂದೆ ಬೇರೆ ಬೇರೆ ಕೋನದಲ್ಲಿ ತಿರುಗಿಸಿ ನೋಡುತ್ತ, ಯಾವ ದೋಷ ಎಂದು ಹೇಳಬಲ್ಲವರಾದರು. ಮೈ ನೀಲಿಗಟ್ಟುವ ಮಕ್ಕಳಿಗೆ 1944ರಲ್ಲಿ ಆದ ಮೊದಲ ಶಸ್ತ್ರಚಿಕಿತ್ಸೆಯ ಹಿಂದೆ ಇದ್ದದ್ದು ಅವರ ಆಲೋಚನೆ. ಅವರ ಬಳಿ ಕಲಿತು ಬಂದ ಡಾ. ಪದ್ಮಾವತಿ 1954ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ, ನಳಿಕೆ ತೂರಿಸಿ ಹೃದಯ ನೋಡುವ ಕ್ಯಾಥ್ ಲ್ಯಾಬ್ ತೆರೆದರು.

ಶಸ್ತ್ರಚಿಕಿತ್ಸೆ ಮುಂದುವರಿದ ಹಾಗೆಲ್ಲ ಚಿತ್ರದಿಂದ ಕೇಳುವ ಪ್ರಶ್ನೆ ಸೂಕ್ಷ್ಮವಾಗುತ್ತ ಬಂತು. ಮೊದಲು, ತೂತು ಇದೆಯೋ ಇಲ್ಲವೋ ಎಂದು ಕೇಳಿದರೆ ಸಾಕಿತ್ತು. ಆಮೇಲೆ, ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳ ಎಲ್ಲಿಂದ ಹೊರಟು ಎಲ್ಲಿ ಹಾದಿದೆ ಎಂದು ಕೇಳಬೇಕಾಯಿತು. ಎಳೆಗೂಸಿನಲ್ಲಿ ಅದು ಎರಡು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಫಾಲೋ ಹೇಳಿದ ಕಾಯಿಲೆಯಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಮುಖ್ಯ ಕರೋನರಿ ನಾಳವೊಂದು, ಸರ್ಜನ್ ಕತ್ತರಿ ಹಾಕಬೇಕಾದ ಜಾಗದ ಮೇಲೆಯೇ ಅಡ್ಡ ಹಾದಿರುತ್ತದೆ. ತಿಳಿಯದೆ ಕತ್ತರಿಸಿದರೆ ಮಗು ಉಳಿಯುವುದು ಕಷ್ಟ. ಎರಡು ಮಹಾನಾಳಗಳು ಅದಲುಬದಲಾದ ಮಕ್ಕಳಿಗೆ ಬ್ರೆಜಿಲಿನ ಜಟೇನೆ 1975ರಲ್ಲಿ ಯಶಸ್ವಿಯಾಗಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಂತೂ ಕರೋನರಿಗಳನ್ನೇ ಬಿಡಿಸಿ ಬೇರೆಡೆ ಹೊಲಿಯಬೇಕು.

ಕರೋನರಿಗೆ ನೇರವಾಗಿ ನಳಿಕೆ ಹೋದದ್ದು ಆಕಸ್ಮಿಕವಾಗಿ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಮೇಸನ್ ಸೋನ್ಸ್ ಮಹಾಧಮನಿಯ ಚಿತ್ರ ತೆಗೆಯಲು ಹೋದಾಗ ನಳಿಕೆ ಜಾರಿ ಬಲ ಕರೋನರಿಗೆ ಔಷಧಿ ನುಗ್ಗಿತು. ರೋಗಿಯ ಹೃದಯ ಕ್ಷಣಕಾಲ ನಿಂತು, ಕೆಮ್ಮಿಸಿದ ಮೇಲೆ ಮತ್ತೆ ಬಡಿಯಿತು. ಆ ಚಿತ್ರದಿಂದ ಹುಟ್ಟಿದ ಆಂಜಿಯೋಗ್ರಾಂ ಇವತ್ತು ನಡುವಯಸ್ಸಿನವರ ಮನೆಮಾತು. ಸೋನ್ಸ್ ಮಾತ್ರ ಕ್ಲಿನಿಕ್ಕಿಗೆ ಬಂದದ್ದು ಮಕ್ಕಳ ಹೃದಯ ವೈದ್ಯನಾಗಿ.

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡದು, ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಎದೆಗೆ ಹಿಡಿದರು. ಈಗ ಮಗುವಿಗೆ ನಿದ್ದೆಯ ಸಿರಪ್ ಕುಡಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಇಟ್ಟರೆ ಪರದೆಯಲ್ಲಿ ಕೆಂಪು-ನೀಲಿ ಓಡಾಡುತ್ತದೆ. ನೀಲಿ ಕಂಡೊಡನೆ ಕೆಟ್ಟ ರಕ್ತ ಎಂದು ಹೆದರಬೇಡಿ. ಪ್ರೋಬ್ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ, ಅಷ್ಟೆ. ಎಡ ಕರೋನರಿ ಮಹಾಧಮನಿಯ ಬದಲು ಶ್ವಾಸಕೋಶದ ನಾಳದಿಂದ ಹೊರಟ ಕೂಸುಗಳು ಹಾಲು ಕುಡಿಯುವಾಗ ಬೆವತು ಅಳುತ್ತವೆ. ಆ ನಾಳದಲ್ಲಿ ರಕ್ತ ಹಿಮ್ಮುಖವಾಗಿ ಹರಿಯುವುದನ್ನು ಈ ಬಣ್ಣವೇ ತೋರಿಸಿಕೊಡುತ್ತದೆ.

ಪರೀಕ್ಷೆಯ ಫಲವನ್ನು ದೂರದಿಂದ ನೋಡುವ ದಾರಿಯೂ ತೆರೆಯಿತು: ನಮ್ಮಲ್ಲಿ 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ತಜ್ಞರು ಬೊಮ್ಮಸಂದ್ರದಲ್ಲೇ ಕುಳಿತು ಅಲ್ಲಿನ ರೋಗಿಯ ವರದಿ ನೋಡುವಂತಾಯಿತು. ಈಗಿನ ಸಿ.ಟಿ. ಯಂತ್ರಗಳು ಇಸಿಜಿಯ ತಾಳಕ್ಕೆ ಹೊಂದಿಕೊಂಡು ಕರೋನರಿಯ ಹಾದಿಯನ್ನು ಮೂರು ಆಯಾಮದಲ್ಲಿ ತೋರಿಸುತ್ತವೆ. ಸಿ.ಟಿ.ಯಲ್ಲಿ ವಿಕಿರಣ ಇರುವುದರಿಂದ, ಎಕೋದಲ್ಲಿ ಉತ್ತರ ಸಿಗದಾಗ ಮಾತ್ರ ಅದನ್ನು ಕೇಳುವುದು ಸರಿ.

ಫಾಲೋ ಕಾಯಿಲೆಗೆ ಚಿಕ್ಕಂದಿನಲ್ಲಿ ಶಸ್ತ್ರಚಿಕಿತ್ಸೆಯಾದವರು ಈಗ ದೊಡ್ಡವರಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ. ವರ್ಷಗಳು ಕಳೆದಂತೆ ಶ್ವಾಸಕೋಶದ ಕವಾಟ ಸೋರಿ ಬಲ ಹೃತ್ಕುಕ್ಷಿ ಹಿಗ್ಗಬಹುದು. ಎಷ್ಟು ಹಿಗ್ಗಿದೆ ಎಂದು ಖಚಿತವಾಗಿ ಅಳೆಯುವುದು ಎಂ.ಆರ್.ಐ.; ಅದಕ್ಕೆ ವಿಕಿರಣವೂ ಬೇಡ. ತಪಾಸಣೆಗೆ ಹೋಗುವಾಗ ಹಳೆಯ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಕರೋನರಿ ಎಲ್ಲಿ ಹಾದಿದೆ ಎಂದು ಅಂದಿನ ಸರ್ಜನ್ ಅದರಲ್ಲಿ ಬರೆದಿದ್ದರೆ, ಕವಾಟ ಬದಲಿಸುವ ಇಂದಿನ ವೈದ್ಯರು ಮೊದಲು ಓದುವುದು ಆ ಸಾಲನ್ನೇ.