ಬಿಗಿದ ನಟ್ಟಿಗೆ ಸ್ನೇಹ



ಮಠದ ಹಳೆಯ ಜೀಪಿನ ಪೆಟ್ರೋಲ್ ಪೈಪು ಜಿನುಗುತ್ತಿತ್ತು. ಮೇಸ್ತ್ರಿ ಬಿಚ್ಚಲು ಕುಳಿತ. ತುಕ್ಕು ಹಿಡಿದ ನಟ್ಟು ಅಲುಗಲಿಲ್ಲ. ನಮಗೆ ಪಕ್ಕದೂರಿನ ಪೂಜೆಗೆ ಹೊತ್ತಾಗಿತ್ತು. "ಬೆಂಕಿಯಿಂದ ಕಾಯಿಸಪ್ಪ, ಬೇಗ ಬಿಡುತ್ತದೆ" ಎಂದುಬಿಟ್ಟೆವು. ಆತ ಕೈಮುಗಿದು, "ಬುದ್ಧೀ, ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಗಾಡಿಯೂ ಉಳಿಯದು, ನಾನೂ ಉಳಿಯೆ" ಎಂದ. ನಮ್ಮ ಅವಸರ ಒಂದು ಜೀವಕ್ಕೆ ಎರವಾಗುತ್ತಿತ್ತು!

ಆತ ಬ್ಯಾಟರಿಯ ತಂತಿ ಕಳಚಿದ. ಪೆಟ್ರೋಲನ್ನು ಡಬ್ಬಿಗೆ ಇಳಿಸಿ ದೂರವಿಟ್ಟ. ನಟ್ಟಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ತೆಳು ಎಣ್ಣೆ ಹನಿಸಿ, ರಾತ್ರಿಯೆಲ್ಲ ಹಾಗೇ ಬಿಟ್ಟ. ಕಬ್ಬಿಣ ತುಕ್ಕಾದರೆ ಉಬ್ಬಿ ಸಂದುಗಳನ್ನು ಬಿಗಿಯುತ್ತದೆ. ಎಣ್ಣೆ ಆ ಸಂದಿನೊಳಗೆ ಮೆಲ್ಲನೆ ಇಳಿಯಬೇಕು. ಬೆಳಿಗ್ಗೆ ಒಂದು ಪಾನಾದಿಂದ ಜೋಡಣೆಯ ಆಚೆ ಬದಿಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ತಿರುಗಿಸಿದ. ಹಿಡಿಯದೆ ಎಳೆದರೆ ಪೈಪೇ ತಿರುಚಿ ಮುರಿಯುತ್ತದೆ. ಸ್ವಲ್ಪ ಸಡಿಲಿಸಿದ, ಸ್ವಲ್ಪ ಹಿಂದಕ್ಕೆ ಬಿಗಿದ, ಮತ್ತೆ ಎಣ್ಣೆ ಬಿಟ್ಟ. ಕೊನೆಗೆ ನಟ್ಟು ಕೈಗೆ ಬಂತು.

ಸಂಸ್ಕೃತದಲ್ಲಿ 'ಸ್ನೇಹ' ಎಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಓದುವಾಗ ಬಾಯಿಪಾಠ ಮಾಡಿದ್ದೆವು. ಅರ್ಥ ತಿಳಿದದ್ದು ಅಂದು. ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತುಬಿಟ್ಟ ಮನೆಗಳು ನಿಮ್ಮಲ್ಲಿಲ್ಲವೇ? ಅಲ್ಲಿ ಬೆಂಕಿ ಹಚ್ಚಬೇಡಿ, ಸುತ್ತಿಗೆ ಎತ್ತಬೇಡಿ. ಸ್ನೇಹ ಹನಿಸಿ, ಕಾಯಿರಿ. ಒಂದು ಕೈ ತಿರುಗಿಸುವಾಗ ಇನ್ನೊಂದು ಕೈ ಆಧಾರವಾಗಿ ಹಿಡಿದಿರಲಿ.

ತಪ್ಪಿದ ಪೂಜೆಯನ್ನು ನಾವು ಮರುದಿನ ಮಾಡಿದೆವು. ಹೋದ ಜೀವವನ್ನು ಮರುದಿನ ತರಲಾದೀತೇ?