ಶಬ್ದ, ಕಾಲ, ಸಂಭಾಷಣೆ: ವಿಜಯಪುರ ಸೀಮೆಯಲ್ಲಿ ಇಂಗ್ಲಿಷ್ ಕಲಿಕೆಯ ಇತಿಹಾಸ



ಹೊಟ್ಟೆಪಾಡಿಗಾಗಿ ಪರಭಾಷೆಯನ್ನು ಕಲಿಯುವ ರೂಢಿ ವಿಜಯಪುರದವರಿಗೆ ಇಂಗ್ಲಿಷಿಗಿಂತ ಬಹಳ ಹಳೆಯದು. ಆದಿಲ್‌ಶಾಹಿ ದರ್ಬಾರಿನಲ್ಲಿ ಫಾರಸಿ ಬಲ್ಲವನಿಗೆ ಮನ್ನಣೆಯಿತ್ತು. ಮೊದಲನೆಯ ಇಬ್ರಾಹಿಮ್ ಆದಿಲ್‌ಶಾಹನು ಲೆಕ್ಕಪತ್ರಗಳಿಂದ ಫಾರಸಿಯನ್ನು ಸರಿಸಿ ದೇಶಭಾಷೆಗೆ ಸ್ಥಳಗೊಟ್ಟ ಮೇಲೆಯೂ, ಪೇಶವೆಯರ ಆಳಿಕೆಯಲ್ಲಿ ಮೋಡಿ ಅಕ್ಷರದ ಮರಾಠಿಯು ದಫ್ತರವನ್ನು ಹೊಕ್ಕ ಮೇಲೆಯೂ, ಮನೆಯಲ್ಲಿ ಕನ್ನಡವನ್ನಾಡಿ ಕಚೇರಿಯಲ್ಲಿ ಅನ್ಯಭಾಷೆಯನ್ನು ಬರೆಯುವ ಪದ್ಧತಿ ಇಲ್ಲಿಯವರಿಗೆ ತಪ್ಪಲಿಲ್ಲ. 1818ರಲ್ಲಿ ಪೇಶವಾಯಿ ಅಳಿದು, 1848ರಲ್ಲಿ ಸಾತಾರೆಯ ಸಂಸ್ಥಾನವೂ ಕಂಪನಿ ಸರಕಾರಕ್ಕೆ ಸೇರಿದ ತರುವಾಯ, ಅದೇ ರೂಢಿಯ ಜಾಡನ್ನೇ ಹಿಡಿದು ಇಂಗ್ಲಿಷು ಬಂದಿತು. ಆದರೆ ಆ ಭಾಷೆಯ ಶಬ್ದಸಂಪತ್ತು, ಕ್ರಿಯಾಪದದ ಕಾಲಗಳು, ನಿತ್ಯವ್ಯವಹಾರದ ಸಂಭಾಷಣೆ ಎಂಬ ಮೂರು ಅಂಗಗಳು ಒಂದೊಂದು ಯುಗದಲ್ಲಿ ಒಂದೊಂದಾಗಿ ಬಂದವು. ಅದೂ ಕೂಸು ಸಂಭಾಷಣೆಯ ನಡುವೆಯೇ ತಾಯ್ನುಡಿಯನ್ನು ಕಲಿಯುವ ಕ್ರಮಕ್ಕೆ ವಿಪರೀತವಾಗಿ ಬಂದವು. ಈ ಸಂಗತಿಯನ್ನೇ ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಮೊದಲು ಬಂದವು ಶಬ್ದಗಳು. 1876ರಿಂದ 1878ರ ವರೆಗಿನ ಘೋರ ಬರಗಾಲದ ಬಳಿಕ, ಮತ್ತೊಂದು ಕ್ಷಾಮ ಬಂದರೆ ಧಾನ್ಯವನ್ನು ಶೀಘ್ರವಾಗಿ ಸಾಗಿಸಬೇಕೆಂಬ ಹವಣಿಕೆಯಿಂದ ಸದರ್ನ್ ಮರಾಠಾ ರೇಲ್ವೆಯವರು ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಗದಗಿನವರೆಗೆ ಹಳಿ ಹಾಸಿದರು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣೆಯು ಕಲಾದಗಿಯಿಂದ ವಿಜಯಪುರಕ್ಕೆ ಬಂದು, ಸುಲ್ತಾನರ ಮಹಲುಗಳಲ್ಲಿ ಸಾಹೇಬರ ವಸತಿ, ಕಚೇರಿಗಳು ನೆಲೆಗೊಂಡವು. ಟೇಶನ್ನು, ತಿಕೀಟು, ನೋಟೀಸು, ವಾರಂಟು, ಅಪೀಲುಗಳು ಅಕ್ಷರವರಿಯದ ಒಕ್ಕಲಿಗನ ಬಾಯಿಗೂ ಬಂದು, ಕನ್ನಡದ ವಿಭಕ್ತಿಗಳನ್ನು ಹಚ್ಚಿಕೊಂಡು ಇಲ್ಲಿಯ ಮಾತೇ ಆಗಿಹೋದವು. ನಾಮಪದವು ಹೀಗೆ ಒಂಟಿಯಾಗಿ ಬಂದು ಮನೆಮಾಡಬಲ್ಲದು, ಕ್ರಿಯಾಪದಕ್ಕೆ ಆ ಸಾಮರ್ಥ್ಯ ಕಡಿಮೆ. ಇನ್ನು ಪುಸ್ತಕದಿಂದ ಶಬ್ದ ಕಲಿಯಬೇಕೆಂಬವನಿಗೆ ದೊರೆತ ನಿಘಂಟುಗಳಾದರೂ ಯಾರಿಗಾಗಿ ಆದವು? ಬಳ್ಳಾರಿಯ ಮಿಶನರಿ ವಿಲಿಯಂ ರೀವರ 1832ರ ನಿಘಂಟಾಗಲಿ, ಫರ್ಡಿನಾಂಡ್ ಕಿಟ್ಟೆಲ್ಲರ 1894ರ ಮಹಾಕೋಶವಾಗಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥವು, ಕನ್ನಡವನ್ನು ಅರಿಯಬೇಕೆಂಬ ಪರದೇಶೀಯನಿಗೆ ಮುಖ್ಯವಾಗಿ ಒದಗಿದಂಥವು. ಇಂಗ್ಲಿಷನ್ನು ಅರಿಯಬೇಕೆಂಬ ಕನ್ನಡಿಗನನ್ನೇ ಕಣ್ಣಮುಂದಿಟ್ಟುಕೊಂಡ ಬೃಹತ್ಕೋಶವೊಂದು ಮೈಸೂರು ವಿಶ್ವವಿದ್ಯಾಲಯದಿಂದ ಹೊರಬೀಳಲು 1946ರ ವರೆಗೆ ಕಾಯಬೇಕಾಯಿತು.

ಎರಡನೆಯದು ಕಾಲಗಳ ಯುಗ, ಎಂದರೆ ವ್ಯಾಕರಣದ ಯುಗ. ಮುಂಬಯಿ ಇಲಾಖೆಯಲ್ಲಿ ಕನ್ನಡ ಸಾಲಿಯ ನಾಲ್ಕು ಇಯತ್ತೆಗಳನ್ನು ಮುಗಿಸಿದ ಹುಡುಗನ ಮುಂದೆ ಎರಡು ದಾರಿಗಳಿದ್ದವು. ಕನ್ನಡದಲ್ಲಿಯೇ ಮುಂದುವರಿದು ಮುಲ್ಕಿ ಪರೀಕ್ಷೆಯನ್ನು ಪಾಸಾದರೆ ಊರ ಸಾಲಿಯ ಮಾಸ್ತರಿಕೆಯೋ ಸಣ್ಣ ಕಾರಕೂನಿಕೆಯೋ ದೊರೆಯುತ್ತಿದ್ದಿತು. ಇಂಗ್ಲಿಷ್ ಒಂದನೆಯ ಇಯತ್ತೆಯನ್ನು ಸೇರಿದರೆ ಮೆಟ್ರಿಕ್ಯುಲೇಶನ್ನು, ಅದರಾಚೆ ವಕೀಲಿ, ಮಾಮಲೇದಾರಿಕೆ. ಎರಡನೆಯ ದಾರಿಯನ್ನು ಹಿಡಿದವನಿಗೆ ಮರಾಠಿಯಲ್ಲಿ ಪ್ರಖ್ಯಾತವಾದ ತರ್ಖಡಕರರ ಭಾಷಾಂತರ ಪಾಠಮಾಲೆ, ನೆಸ್‌ಫೀಲ್ಡನ ವ್ಯಾಕರಣ, 1930ರ ದಶಕದಿಂದೀಚೆಗೆ ರೆನ್ ಮತ್ತು ಮಾರ್ಟಿನ್ನರ ಪುಸ್ತಕ, ಇವು ಆಧಾರ. ಮೂರು ಕಾಲಗಳನ್ನು ನಾಲ್ಕು ನಾಲ್ಕಾಗಿ ಒಡೆದು ಹನ್ನೆರಡು ಮಾಡಿದ ಕೋಷ್ಟಕವನ್ನು ವಿದ್ಯಾರ್ಥಿಯು ಮಗ್ಗಿಯಂತೆ ಬಾಯಿಪಾಠ ಮಾಡಿದನು. ಆದರೆ ಬಾಯಿಪಾಠವಾದ ರೂಪವನ್ನು ಬಾಯಿತುಂಬ ಆಡುವ ಪ್ರಸಂಗವೇ ಅವನಿಗೆ ಒದಗಲಿಲ್ಲ.

ವಿಚಿತ್ರವೆಂದರೆ ಯಾವ ಸೂಕ್ಷ್ಮಗಳಿಗಾಗಿ ಆ ಹುಡುಗನು ಅಷ್ಟು ತಿಣುಕಿದನೋ ಅವುಗಳಲ್ಲಿ ಬಹಳಷ್ಟು ಅವನ ಮನೆಯ ಮಾತಿನಲ್ಲಿಯೇ ಇದ್ದವು. ಈ ಸೀಮೆಯ ರೈತನು "ಮಳಿ ಬಂತು" ಎಂದಾಗ ಘಟನೆ ಮುಗಿದದ್ದಷ್ಟೇ ಅರ್ಥ. "ಮಳಿ ಬಂದೈತಿ" ಎಂದಾಗ ಅದರ ಪರಿಣಾಮ ಇನ್ನೂ ಹೊಲದಲ್ಲಿ ಇದೆಯೆಂದೂ, "ಬಂದಿತ್ತು" ಎಂದಾಗ ಅದು ಮತ್ತೊಂದು ಸಂಗತಿಗಿಂತ ಹಿಂದಿನದೆಂದೂ, "ಬರಲಾಕತ್ತೈತಿ" ಎಂದಾಗ ಈಗಲೂ ನಡೆದಿದೆಯೆಂದೂ ಕೇಳುವವನಿಗೆ ಸಂಶಯವಿಲ್ಲದೆ ತಿಳಿಯುತ್ತದೆ. ಸಾಲಿಯ ಕನ್ನಡ ವ್ಯಾಕರಣವು ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರನ್ನೇ ಎಣಿಸಿ ಈ ಭೇದಗಳನ್ನು ಬದಿಗಿರಿಸಿತು. ಇಂಗ್ಲಿಷ್ ವ್ಯಾಕರಣವು ಇವನ್ನೇ ಅಪರಿಚಿತ ಹೆಸರುಗಳಿಂದ ಕರೆದು ಹುಡುಗನನ್ನು ಅಂಜಿಸಿತು. ನಡುವೆ ಸೇತುವೆಯನ್ನು ಕಟ್ಟಿದ ಮಾಸ್ತರರು ವಿರಳ.

ತನ್ನ ನುಡಿಯ ಮೇಲೆ ಭದ್ರವಾಗಿ ನಿಂತವನಿಗೆ ಪರಭಾಷೆ ಎಷ್ಟು ದೂರದವರೆಗೆ ಒಲಿಯುವುದೆಂಬುದಕ್ಕೆ ಈ ಜಿಲ್ಲೆಯೇ ಎರಡು ನಿದರ್ಶನಗಳನ್ನು ಕೊಟ್ಟಿದೆ. 1903ರಲ್ಲಿ ಜನಿಸಿದ ಹಲಸಂಗಿಯ ಕವಿ ಮಧುರಚೆನ್ನರು ಮುಲ್ಕಿಯವರೆಗೆ ಕಲಿತವರು. ಇಂಗ್ಲಿಷನ್ನು ಸ್ವಂತ ಪರಿಶ್ರಮದಿಂದ ಸಾಧಿಸಿ ಶ್ರೀ ಅರವಿಂದರ ವಿಚಾರಲೋಕವನ್ನು ಹೊಕ್ಕರು. ಅದೇ ಮನುಷ್ಯರು ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರೊಡನೆ ಗರತಿಯರ ಬಾಯಿಂದ ತ್ರಿಪದಿಗಳನ್ನು ಕೇಳಿ ಸಂಗ್ರಹಿಸಿದವರು ಎಂಬುದನ್ನು ಮರೆಯಬಾರದು. ಇನ್ನೊಬ್ಬರು ಫ. ಗು. ಹಳಕಟ್ಟಿಯವರು. 1904ರಲ್ಲಿ ವಕೀಲರಾಗಿ ವಿಜಯಪುರಕ್ಕೆ ಬಂದ ಅವರು, ತಾಳೆಯೋಲೆಗಳಲ್ಲಿ ಹುದುಗಿದ್ದ ವಚನಗಳನ್ನು ಹೊರತೆಗೆದು ಪರಿಷ್ಕರಿಸುತ್ತಲೇ, ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅರ್ಜಿ ಬರೆಯುವುದಕ್ಕೆಂದು ಬಂದ ಭಾಷೆಯಿಂದ ಅವರು ಕನ್ನಡದ ಕೆಲಸವನ್ನು ಮಾಡಿಸಿಕೊಂಡರು.

ಮೂರನೆಯದಾದ ಸಂಭಾಷಣೆಗೆ ಸ್ಥಾನ ದೊರೆತದ್ದು ಸ್ವಾತಂತ್ರ್ಯದ ಅನಂತರ, ಅದೂ ಬಲು ತಡವಾಗಿ. ಮುಂಬಯಿಯ ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಮಂತ್ರಿಮಂಡಲವು ಐದರಿಂದ ಏಳನೆಯ ಇಯತ್ತೆಯವರೆಗೆ ಇಂಗ್ಲಿಷನ್ನು ತೆಗೆದು ಎಂಟನೆಯದರಿಂದ ಆರಂಭಿಸಿದ್ದರಿಂದ, 1956ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರುವ ತನಕ ಕಲಿಯುವ ಅವಧಿಯೇ ಸಂಕುಚಿತವಾಯಿತು. ಅದೇ ಕಾಲಕ್ಕೆ ಲೋಕದ ವಿದ್ವಾಂಸರು ಪದ್ಧತಿಯನ್ನು ಮರುಪರಿಶೀಲಿಸತೊಡಗಿದ್ದರು: ಢಾಕಾದಲ್ಲಿ ಬಂಗಾಳಿ ಹುಡುಗರಿಗೆ ಕಲಿಸಿ ಅನುಭವ ಪಡೆದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಅತ್ಯಾವಶ್ಯಕ ಶಬ್ದಗಳ ಪಟ್ಟಿಯನ್ನು ಹೊರತಂದನು, 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯೂ ಹುಟ್ಟಿದವು. ಹೈದರಾಬಾದಿನ ಸಂಸ್ಥೆಯನ್ನು ನಡೆಸಿದ ವಿ. ಕೃ. ಗೋಕಾಕರೇ ಮುಂದೆ ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನವನ್ನು ಕೇಳುವ ವರದಿಯನ್ನು ಬರೆದರೆಂಬುದು ಅರ್ಥಪೂರ್ಣವಾಗಿದೆ. 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಅವರು ನಡೆಸಿ ಜಗತ್ತಿನ ಗಮನವನ್ನು ಸೆಳೆದ ಬೆಂಗಳೂರು ಯೋಜನೆಯಲ್ಲಂತೂ ವ್ಯಾಕರಣದ ಪಾಠವನ್ನೇ ಬಿಟ್ಟು, ರೇಲ್ವೆ ವೇಳಾಪಟ್ಟಿ, ನಕಾಶೆಗಳಂಥವನ್ನು ಮಕ್ಕಳ ಮುಂದಿಟ್ಟು ಪ್ರಶ್ನೆ ಕೇಳಲಾಯಿತು. ಅರ್ಥದ ಮೇಲೆ ಲಕ್ಷ್ಯವಿದ್ದಾಗ ರೂಪವು ತಾನಾಗಿ ನೆಲೆಗೊಳ್ಳುವುದೆಂಬುದು ಅವರ ಸಿದ್ಧಾಂತ.

ಇದೆಲ್ಲದರ ಫಲವನ್ನು ಪರೀಕ್ಷಿಸಲು ಇಂದಿನ ಸೊಲ್ಲಾಪುರ ರಸ್ತೆ ಯೋಗ್ಯ ಸ್ಥಳ. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ವಿದ್ಯಾಸಂಸ್ಥೆಯ ವೈದ್ಯಕೀಯ ಕಾಲೇಜು 1986ರಿಂದ ಇರುವುದು ಅಲ್ಲಿಯೇ. ಬಬಲೇಶ್ವರದ ಕಡೆಯ ಮುದುಕಿಯೊಬ್ಬಳು ಬಂದು "ಮೂರು ದಿವಸದಿಂದ ಹೊಟ್ಟಿ ನೋಯಲಾಕತ್ತೈತ್ರಿ" ಎಂದರೆ, ಹಿಂದೆ ಆರಂಭವಾಗಿ ಈಗಲೂ ನಿಲ್ಲದ ಕ್ರಿಯೆಯನ್ನು ಅವಳು ನಿರ್ದುಷ್ಟವಾಗಿ ಹೇಳಿದಂತಾಯಿತು. ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಕನ್ನಡಿಗ ವಿದ್ಯಾರ್ಥಿಯು 'ಹ್ಯಾಸ್ ಬೀನ್' ಎನ್ನಬೇಕಾದಲ್ಲಿ 'ಈಸ್' ಎಂದೂ, 'ಫಾರ್' ಎನ್ನಬೇಕಾದಲ್ಲಿ 'ಸಿನ್ಸ್' ಎಂದೂ ಬರೆದುಬಿಡುವ ಸಂಭವವುಂಟು. ಏಕೆಂದರೆ ನಮ್ಮ 'ಇಂದ' ಪ್ರತ್ಯಯವೊಂದೇ ಅವಧಿಯನ್ನೂ ಆರಂಭವನ್ನೂ ಸೂಚಿಸುತ್ತದೆ. ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಸ್ವಲ್ಪ ಹೊತ್ತಿನಲ್ಲಿ ನಿವಾರಣೆಯಾಗುವ ದೋಷವಿದು. ಕೋಷ್ಟಕದಿಂದ ಮಾತ್ರ ಕಲಿತವನನ್ನು ಇದು ಬಹುಕಾಲ ಹಿಂಬಾಲಿಸುತ್ತದೆ.

2007ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿದೆ. ಆದ್ದರಿಂದ ವರ್ಷಗಳ ಅಭಾವವೆಂದು ಇನ್ನು ಯಾರೂ ಹೇಳುವಂತಿಲ್ಲ. ಉಳಿದದ್ದು ಕ್ರಮವನ್ನು ತಿದ್ದಿಕೊಳ್ಳುವ ಕೆಲಸ. ತಿಕೋಟಾದ ದ್ರಾಕ್ಷಿಯ ತೋಟದಿಂದ ಬಂದ ಹುಡುಗಿಯನ್ನು ಮಾಸ್ತರರು ಮೊದಲು ತೋಟದಲ್ಲಿ ಏನು ನಡೆಯಿತು, ಏನು ನಡೆದಿದೆ, ನಾಳೆ ಏನು ನಡೆಯಲಿದೆಯೆಂದು ಅವಳ ಮಾತಿನಲ್ಲಿಯೇ ಕೇಳಲಿ. ಆ ಉತ್ತರಗಳನ್ನೇ ಇಂಗ್ಲಿಷಿನಲ್ಲಿ ಆಡಿಸಲಿ. ಆಡುವಾಗ ಎಡವಿದಲ್ಲಿ ಕಾಲಭೇದವನ್ನು ತೋರಿಸಲಿ. ಬೇಕಾದ ಶಬ್ದವನ್ನು ಅವಳು ತಾನೇ ಕೇಳುವಳು, ಆಗ ಕೊಡಲಿ. ನೂರೈವತ್ತು ವರ್ಷಗಳ ಕಾಲ ಕಟ್ಟಕಡೆಗೆ ಇಟ್ಟದ್ದನ್ನು ಮೊದಲಿಗೆ ತಂದರೆ, ಉಳಿದೆರಡು ಅದರ ಹಿಂದೆಯೇ ಬರುವವೆಂದು ನನ್ನ ದೃಢವಾದ ನಂಬಿಕೆ.